ವೃಷಣದ ನೋವು ಮತ್ತು ಆರು ಗಂಟೆಯ ಲೆಕ್ಕ

(ದಾವಣಗೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಆರೋಗ್ಯದ ಬಗ್ಗೆ ಮಾತನಾಡಿ ಎಂದು ಕರೆದಾಗ ಸಂಘಟಕರ ಮನಸ್ಸಿನಲ್ಲಿ ಬಿಪಿ, ಶುಗರ್, ಹೃದಯಾಘಾತ ಇದ್ದವು. ನಾನು ವೃಷಣದ ನೋವು ಎಂದೆ. ಆಹ್ವಾನ ಪತ್ರಿಕೆಯಲ್ಲಿ ವಿಷಯ ಹಾಗೇ ಅಚ್ಚಾಗಲಿ, "ಪುರುಷರ ಕೆಲವು ಸಮಸ್ಯೆಗಳು" ಎಂದು ಮುಸುಕು ಹಾಕುವುದು ಬೇಡ ಎಂದೂ ಕೇಳಿಕೊಂಡೆ. ಅವರು ಒಪ್ಪಿದರು, ಅದಕ್ಕಾಗಿ ಕೃತಜ್ಞ. ಸಭೆಯಲ್ಲಿ ಹೆಣ್ಣುಮಕ್ಕಳಿರುತ್ತಾರೆ, ಇದೆಲ್ಲ ಬೇಕೇ ಎಂದು ಒಬ್ಬಿಬ್ಬರು ಕೇಳಿದರಂತೆ. ಬೇಕು. ನಡುರಾತ್ರಿ ಹುಡುಗನೊಬ್ಬ ನರಳುತ್ತಾ ಎದ್ದರೆ ಮೊದಲು ಎಚ್ಚರವಾಗುವುದು ತಾಯಿಗೆ. ಆಸ್ಪತ್ರೆಗೆ ಈಗಲೇ ಹೋಗಬೇಕೋ ಬೆಳಗ್ಗೆ ಹೋದರಾಯಿತೋ ಎಂದು ತೀರ್ಮಾನಿಸುವವಳೂ ಎಷ್ಟೋ ಮನೆಗಳಲ್ಲಿ ಅವಳೇ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗನಿಗೋ ಯುವಕನಿಗೋ ಇದ್ದಕ್ಕಿದ್ದಂತೆ ಬೀಜದಲ್ಲಿ ಜೋರು ನೋವು ಬಂದರೆ, ಬೇರೇನೋ ಕಾರಣ ಎಂದು ವೈದ್ಯರು ಖಚಿತವಾಗಿ ಹೇಳುವವರೆಗೆ ಅದನ್ನು ತುರ್ತು ಎಂದೇ ತಿಳಿಯಬೇಕು. ಅದರ ಲೆಕ್ಕ ದಿನಗಳಲ್ಲಲ್ಲ, ಗಂಟೆಗಳಲ್ಲಿ.

ದೂರ ಎಲ್ಲಿದೆ?

ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರ್. ಬಸ್ಸಿನಲ್ಲಿ ಬಂದರೂ ಅರ್ಧ ಗಂಟೆಯ ಆಸುಪಾಸು. ಹರಿಹರದಲ್ಲೇ ತಾಲ್ಲೂಕು ಆಸ್ಪತ್ರೆ ಇದೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಬಾಪೂಜಿ ಆಸ್ಪತ್ರೆ ಇದೆ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ಮೆಡಿಕಲ್ ಕಾಲೇಜಿನ ಜೊತೆಗೆ ಎಸ್.ಎಸ್. ವೈದ್ಯಕೀಯ ಸಂಸ್ಥೆಯೂ ಸೇರಿ ಊರಿನಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ಜಗಳೂರು, ಹೊನ್ನಾಳಿ, ಹರಪನಹಳ್ಳಿಯವರು, ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣ, ರಾಣೆಬೆನ್ನೂರಿನವರು ಕಷ್ಟ ಬಂದಾಗ ಮುಖ ಮಾಡುವುದು ಈ ಊರಿಗೇ. ಇಷ್ಟೆಲ್ಲ ಇದ್ದರೂ ನೋವು ಶುರುವಾದ ಮರುದಿನ, ಮೂರನೆಯ ದಿನ ಬರುವ ಹುಡುಗರಿದ್ದಾರೆ. ಅವರಿಗೆ ದೂರವಾದದ್ದು ಹೆದ್ದಾರಿಯಲ್ಲ. ಹಾಸಿಗೆಯಿಂದ ಅಡುಗೆಮನೆಗೆ ಹೋಗಿ "ಅವ್ವಾ, ನನಗೆ ಇಲ್ಲಿ ನೋವು" ಎಂದು ಹೇಳುವುದಕ್ಕೇ ಅಷ್ಟು ಹೊತ್ತು ಹಿಡಿಯಿತು.

ನಮ್ಮ ಹಿಂದಿನವರಿಗೆ ಈ ಸಂಕೋಚ ಇರಲಿಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ವೃಷಣದ ಊತಗಳನ್ನು ವೃದ್ಧಿ ಎಂಬ ಹೆಸರಿನಲ್ಲಿ ಏಳು ಬಗೆಯಾಗಿ ವಿಂಗಡಿಸಿದ್ದಾರೆ. ನೀರು ತುಂಬಿ ಬರುವ ಊತ ಬೇರೆ, ಕರುಳು ಇಳಿದು ಬರುವ ಊತ ಬೇರೆ ಎಂದು ಆಗಲೇ ಗುರುತಿಸಿದ್ದರು. ಮುಟ್ಟಿ ನೋಡಿ, ಹೆಸರಿಟ್ಟು, ಬರೆದಿಟ್ಟವರ ನಾಡಿನಲ್ಲಿ ಈಗ ಹದಿನಾಲ್ಕರ ಹುಡುಗ ಹೊಟ್ಟೆ ಹಿಡಿದುಕೊಂಡು ಸುಳ್ಳು ಹೇಳಬೇಕಾಗಿದೆ.

ಹೊಟ್ಟೆಗೂ ಬೀಜಕ್ಕೂ ಇರುವ ನಂಟು

ಆ ಸುಳ್ಳಿನಲ್ಲಿ ಅರ್ಧ ನಿಜವೂ ಇದೆ. ತಾಯಿಯ ಗರ್ಭದಲ್ಲಿ ವೃಷಣಗಳು ಹುಟ್ಟುವುದು ಕೆಳಗಿನ ಚೀಲದಲ್ಲಲ್ಲ. ಹೊಟ್ಟೆಯ ಹಿಂಭಾಗದಲ್ಲಿ, ಮೂತ್ರಪಿಂಡದ ಬಳಿ. ಹೆರಿಗೆಗೆ ಮುಂಚಿನ ಕೆಲವು ತಿಂಗಳಲ್ಲಿ ಅವು ತೊಡೆಸಂದಿನ ಮೂಲಕ ಕೆಳಗಿಳಿಯುತ್ತವೆ. ಇಳಿಯುವಾಗ ತಮ್ಮ ರಕ್ತನಾಳ, ನರಗಳನ್ನೂ ಎಳೆದುಕೊಂಡೇ ಬರುತ್ತವೆ. ಹಾಗಾಗಿ ಬೀಜಕ್ಕೆ ತೊಂದರೆಯಾದರೆ ಕಿಬ್ಬೊಟ್ಟೆ ನೋಯುತ್ತದೆ, ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಅದೇ ರೀತಿ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವರಿಗೆ ಪಕ್ಕೆಯಲ್ಲಿ ಹುಟ್ಟಿದ ನೋವು ಬೀಜದವರೆಗೂ ಹರಿಯುತ್ತದೆ. ಬೀಜವನ್ನು ಪರೀಕ್ಷಿಸಿದರೆ ಅಲ್ಲಿ ಏನೂ ಇರುವುದಿಲ್ಲ.

ಪ್ರತಿ ವೃಷಣವೂ ಒಂದು ತಂತುವಿನ ತುದಿಯಲ್ಲಿ ತೂಗುತ್ತಿದೆ. ರಕ್ತ ತರುವ ಅಪಧಮನಿ, ಒಯ್ಯುವ ಅಭಿಧಮನಿಗಳು, ವೀರ್ಯನಾಳ, ನರಗಳು ಎಲ್ಲವೂ ಆ ತಂತುವಿನೊಳಗೇ. ಸಾಮಾನ್ಯವಾಗಿ ವೃಷಣ ಹಿಂಬದಿಯಲ್ಲಿ ಚೀಲದ ಗೋಡೆಗೆ ಅಂಟಿಕೊಂಡಿರುವುದರಿಂದ ತಿರುಗುವುದಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಆ ಅಂಟು ಇರುವುದಿಲ್ಲ. ದೇವಸ್ಥಾನದ ಗಂಟೆಯೊಳಗಿನ ನಾಲಗೆಯಂತೆ ಅದು ಸಡಿಲವಾಗಿ ನೇತಾಡುತ್ತಿರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ನೋವೂ ಇರುವುದಿಲ್ಲ. ಒಂದು ದಿನ ಅದು ತನ್ನ ಸುತ್ತ ತಾನೇ ತಿರುಗಿಬಿಡುತ್ತದೆ. ನಿದ್ದೆಯಲ್ಲಿ ಆಗಬಹುದು, ಕಬಡ್ಡಿ ಆಡುವಾಗ ಆಗಬಹುದು, ಸುಮ್ಮನೆ ಕೂತಾಗಲೂ ಆಗಬಹುದು. ತಂತು ತಿರುಚಿಕೊಂಡ ಕೂಡಲೇ ರಕ್ತ ನಿಲ್ಲುತ್ತದೆ. ವೈದ್ಯರು ಇದನ್ನು ಟಾರ್ಶನ್ ಎನ್ನುತ್ತಾರೆ.

ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ 25ರೊಳಗಿನ ಗಂಡಸರಲ್ಲಿ ವರ್ಷಕ್ಕೆ ಸುಮಾರು 4000ಕ್ಕೆ ಒಬ್ಬರಿಗೆ ಇದು ಬರುತ್ತದೆ. 12ರಿಂದ 18ರ ವಯಸ್ಸಿನಲ್ಲಿ ಹೆಚ್ಚು. ನವಜಾತ ಶಿಶುಗಳಲ್ಲೂ ಉಂಟು, ನಲವತ್ತು ದಾಟಿದವರಲ್ಲೂ ಅಪರೂಪಕ್ಕೆ ಉಂಟು. ನೋವು ಶುರುವಾದ 6 ಗಂಟೆಯೊಳಗೆ ತಿರುಚನ್ನು ಬಿಡಿಸಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ವೃಷಣಗಳು ಉಳಿಯುತ್ತವೆ. 12 ಗಂಟೆಯಾದರೆ ಸುಮಾರು ಅರ್ಧ. 24 ಗಂಟೆ ದಾಟಿದರೆ ಹತ್ತರಲ್ಲಿ ಒಂದು ಉಳಿದರೆ ಹೆಚ್ಚು. ಹಾಗೆಂದು ತಡವಾಗಿದೆ, ಇನ್ನು ಹೋಗಿ ಏನು ಪ್ರಯೋಜನ ಎಂದು ಯಾರೂ ಕೂರಬಾರದು. ತಿರುಚು ಪೂರ್ತಿಯಾಗಿರದಿದ್ದರೆ ತಡವಾಗಿ ಬಂದವರದ್ದೂ ಉಳಿದದ್ದುಂಟು.

ಪರದೆಯ ಆಚೆ, ಈಚೆ

ತುರ್ತು ವಿಭಾಗದಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಇದು ಒಬ್ಬ ಹುಡುಗನ ಕಥೆಯಲ್ಲ. ಹಲವರದ್ದನ್ನು ಒಂದಾಗಿಸಿ ಹೇಳುತ್ತಿದ್ದೇನೆ.

ಹುಡುಗ ಎರಡೂ ಮೊಣಕಾಲು ಮಡಚಿ ಮಲಗಿದ್ದಾನೆ. ತಾಯಿ ಹೇಳುತ್ತಾಳೆ: "ರಾತ್ರಿಯಿಂದ ಹೊಟ್ಟೆನೋವು ಅಂತಾನೆ ಸರ್, ಎರಡು ಸಲ ವಾಂತಿ ಮಾಡ್ಯಾನೆ. ಸಂಜಿಗೆ ಮಿರ್ಚಿ ಮಂಡಕ್ಕಿ ತಿಂದಿದ್ದ, ಗ್ಯಾಸ್ ಇರಬೇಕು." ವೈದ್ಯ ಹೊಟ್ಟೆ ಒತ್ತಿ ನೋಡುತ್ತಾನೆ, ಮೆತ್ತಗಿದೆ. "ಅಮ್ಮಾ, ಒಂದು ನಿಮಿಷ ಹೊರಗಿರ್ರಿ" ಎಂದು ಪರದೆ ಎಳೆಯುತ್ತಾನೆ.

"ಕೆಳಗೂ ನೋವು ಐತೇನಪ್ಪಾ?"

ಹುಡುಗ ಗೋಡೆಯ ಕಡೆ ಮುಖ ತಿರುಗಿಸುತ್ತಾನೆ. "ಹೂಂ ಸರ್. ಎಡಗಡೇದು."

"ಎಷ್ಟೊತ್ತಿಗೆ ಶುರುವಾತು?"

"ಹನ್ನೊಂದಕ್ಕೆ ಎಚ್ಚರಾತು ಸರ್."

"ಅವ್ವಗೆ ಹೇಳ್ಬೇಕಿಲ್ಲೇನಪ್ಪಾ?"

"ಹೆಂಗ್ ಹೇಳೋದು ಸರ್?"

ಚಡ್ಡಿ ಜಾರಿಸಿ ನೋಡಿದರೆ ಎಡ ವೃಷಣ ಬಲಗಡೆಯದಕ್ಕಿಂತ ಮೇಲೇರಿ ಅಡ್ಡಡ್ಡ ನಿಂತಿದೆ, ಗಟ್ಟಿಯಾಗಿದೆ, ಮುಟ್ಟಗೊಡುವುದಿಲ್ಲ. ಆರೋಗ್ಯವಂತ ಹುಡುಗನ ಒಳತೊಡೆಯನ್ನು ಮೆಲ್ಲಗೆ ಗೀರಿದರೆ ಆ ಕಡೆಯ ವೃಷಣ ತಟಕ್ಕನೆ ಮೇಲೆ ಜಗ್ಗುತ್ತದೆ. ಇವನಲ್ಲಿ ಅದು ಅಲುಗುವುದಿಲ್ಲ. ಇಷ್ಟು ಕಂಡ ಮೇಲೆ ಅನುಭವಿ ಶಸ್ತ್ರಚಿಕಿತ್ಸಕ ಸ್ಕ್ಯಾನಿಗೂ ಕಾಯುವುದಿಲ್ಲ. ರಕ್ತ ಹರಿಯುತ್ತಿದೆಯೋ ಇಲ್ಲವೋ ಎಂದು ತೋರಿಸುವ ಕಲರ್ ಡಾಪ್ಲರ್ ಒಳ್ಳೆಯ ಪರೀಕ್ಷೆಯೇ. ಅನುಮಾನ ಅರೆಬರೆಯಾಗಿದ್ದಾಗ, ಕೂಡಲೇ ಸಿಗುವಂತಿದ್ದಾಗ ಅದು ಬೇಕು. ರಾತ್ರಿ ಮುಚ್ಚಿದ ಸ್ಕ್ಯಾನಿಂಗ್ ಸೆಂಟರ್ ಬೆಳಗ್ಗೆ ತೆರೆಯಲಿ ಎಂದು ಕಾದರೆ ಪರೀಕ್ಷೆಯೇ ರೋಗಕ್ಕಿಂತ ದುಬಾರಿಯಾಗುತ್ತದೆ.

ಆಪರೇಷನ್ ದೊಡ್ಡದಲ್ಲ. ಚೀಲದ ಮೇಲೆ ಚಿಕ್ಕ ಗಾಯ ಮಾಡಿ ವೃಷಣವನ್ನು ಹೊರತೆಗೆದರೆ ಅದು ಕಡುನೀಲಿಯಾಗಿರುತ್ತದೆ. ತಂತು ಒಂದು ಸುತ್ತೋ ಎರಡು ಸುತ್ತೋ ತಿರುಚಿರುವುದು ಕಣ್ಣಿಗೇ ಕಾಣುತ್ತದೆ. ಬಿಡಿಸಿ, ಬೆಚ್ಚಗಿನ ಸಲೈನಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಕಾಯುತ್ತಾರೆ. ಆ ಹೊತ್ತಿನಲ್ಲಿ ಥಿಯೇಟರಿನಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಬಟ್ಟೆ ತೆಗೆದಾಗ ನೀಲಿ ತಿಳಿಯಾಗಿ ಗುಲಾಬಿ ಬಣ್ಣ ಮರಳುತ್ತಿದ್ದರೆ ಅದು ಬದುಕಿತು ಎಂದರ್ಥ. ಮತ್ತೆ ತಿರುಗದಂತೆ ಹೊಲಿಗೆ ಹಾಕಿ ಕೂರಿಸುತ್ತಾರೆ. ಇನ್ನೊಂದು ಕಡೆಯದನ್ನೂ ಅದೇ ಹೊತ್ತಿನಲ್ಲಿ ಹೊಲಿಯುತ್ತಾರೆ. ಸಡಿಲ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ಕಪ್ಪಾಗಿಯೇ ಉಳಿದು, ಸಣ್ಣಗೆ ಗೀರಿದರೂ ರಕ್ತ ಜಿನುಗದಿದ್ದರೆ ತೆಗೆಯುವುದೇ ದಾರಿ.

ಒಪ್ಪಿಗೆ ಪತ್ರದಲ್ಲಿ ಈ ಸಾಧ್ಯತೆಯನ್ನೂ ಬರೆದಿರುತ್ತಾರೆ. ತಂದೆಯ ಕೈಯಲ್ಲಿ ಪೆನ್ನು ನಿಲ್ಲುವುದು ಅಲ್ಲಿಯೇ. ಮುಂದೆ ಮದುವೆ ಹೇಗೆ, ಮಕ್ಕಳು ಹೇಗೆ ಎಂದು ಕೇಳುತ್ತಾರೆ. ದೊಡ್ಡಪ್ಪನಿಗೆ ಫೋನ್ ಮಾಡಬೇಕು, ಊರಿನಿಂದ ಹಿರಿಯರು ಬರಬೇಕು ಎನ್ನುತ್ತಾರೆ. ಅವರಿಗೆ ಉತ್ತರ ಇದು: ಉಳಿದ ಒಂದು ವೃಷಣ ಆರೋಗ್ಯವಾಗಿದ್ದರೆ ಮೀಸೆ, ಧ್ವನಿ, ದಾಂಪತ್ಯ, ಮಕ್ಕಳು ಯಾವುದಕ್ಕೂ ಸಾಮಾನ್ಯವಾಗಿ ಕೊರತೆಯಿಲ್ಲ. ಸಹಿ ತಡವಾದಷ್ಟೂ ತೆಗೆಯಬೇಕಾಗಿ ಬರುವ ಸಂಭವವೇ ಹೆಚ್ಚು.

ಗಂಟೆಗಳನ್ನು ತಿನ್ನುವ ಅಭ್ಯಾಸಗಳು

ಮೊದಲನೆಯದು "ಉಷ್ಣ ಆಗೇತಿ" ಎಂಬ ತೀರ್ಪು. ನಮ್ಮ ಬಿಸಿಲೂರಿನಲ್ಲಿ ಸೊಂಟದ ಕೆಳಗಿನ ಯಾವ ಬಾಧೆಗೂ ಮೊದಲ ಹೆಸರು ಉಷ್ಣ. ಹೊಕ್ಕುಳಿಗೆ, ಕಾಲಿನ ಹೆಬ್ಬೆರಳಿಗೆ ಹರಳೆಣ್ಣೆ ಹಚ್ಚುವುದು, ಎಳನೀರು ಕುಡಿಸುವುದು, ಜೀರಿಗೆ ನೀರು ಕೊಡುವುದು. ಇವುಗಳಿಂದ ಮೈಗೆ ಕೆಡುಕಿಲ್ಲ; ಆದರೆ ತಿರುಚಿದ ತಂತು ಎಣ್ಣೆಯಿಂದ ಬಿಡುವುದಿಲ್ಲ. ಆಪರೇಷನ್ ಬೇಕಾಗಬಹುದಾದ ಹುಡುಗನಿಗೆ ಅನ್ನ, ಹಾಲು, ಎಳನೀರು ಕೊಟ್ಟರೆ ಅರಿವಳಿಕೆ ಕೊಡುವವರ ಕೆಲಸ ಕಷ್ಟವಾಗುತ್ತದೆ.

ಎರಡನೆಯದು ಉಳುಕು ಎಂದು ನೀವಿಸುವುದು. ಮನೆಯಲ್ಲಿ ತಿಕ್ಕುವುದು, ಶಾಖ ಕೊಡುವುದು ಬೇಡವೇ ಬೇಡ. ಕೆಲವು ಸಲ ವೈದ್ಯರು ಥಿಯೇಟರಿಗೆ ಒಯ್ಯುವ ಮುಂಚೆ ಕೈಯಿಂದಲೇ ತಿರುಚು ಬಿಡಿಸಲು ಯತ್ನಿಸುವುದುಂಟು. ಅದು ಅವರ ಕೆಲಸ, ಆಮೇಲೂ ಆಪರೇಷನ್ ಬೇಕು.

ಮೂರನೆಯದು ನೋವಿನ ಇಂಜೆಕ್ಷನ್. ನೋವು ಇಳಿಯಿತು, ಹುಡುಗ ಮಲಗಿದ, ಎಲ್ಲರಿಗೂ ನಿರಾಳ. ಒಳಗೆ ತಿರುಚು ಹಾಗೇ ಇರುತ್ತದೆ. ಒಂದು ದಿನದ ಮೇಲೆ ನೋವು ತಾನಾಗಿ ಕಡಿಮೆಯಾದರೆ ಅದು ವಾಸಿಯಾದ ಗುರುತೇ ಆಗಬೇಕಿಲ್ಲ. ಸತ್ತ ಅಂಗ ನೋಯುವುದಿಲ್ಲ. ನೋವು ಜೋರಾಗಿ ಬಂದು ಹತ್ತು ನಿಮಿಷದಲ್ಲಿ ತಾನೇ ಹೋಗುವ, ಮತ್ತೊಂದು ವಾರ ಮತ್ತೆ ಬರುವ ಹುಡುಗರೂ ಇದ್ದಾರೆ. ತಿರುಗಿ, ತಾನೇ ಬಿಡಿಸಿಕೊಳ್ಳುತ್ತಿರುವ ವೃಷಣ ಅದು. ಅವರನ್ನೂ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು. ಮುಂದಿನ ಸಲ ಬಿಡಿಸಿಕೊಳ್ಳದೇ ಹೋಗಬಹುದು.

ನಾಲ್ಕನೆಯದು "ಆಟದಾಗ ಪೆಟ್ಟು ಬಿದ್ದೈತಿ" ಎಂಬ ಸಮಾಧಾನ. ಕ್ರಿಕೆಟ್ ಚೆಂಡು ತಗುಲಿದ ನೋವು ಒಂದು ಗಂಟೆಯೊಳಗೆ ಇಳಿಯುತ್ತಾ ಬರಬೇಕು. ಇಳಿಯದಿದ್ದರೆ, ಚೀಲ ಊದಿದರೆ, ನೀಲಿಗಟ್ಟಿದರೆ, ವೃಷಣದ ಹೊದಿಕೆ ಹರಿದಿರಬಹುದು. ಪೆಟ್ಟಿನ ನೆಪದಲ್ಲಿ ಟಾರ್ಶನ್ನೇ ಶುರುವಾಗಿರಲೂಬಹುದು. ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಅಪ್ಪಳಿಸಿದ ಗಾಯಕ್ಕೂ ಇದೇ ಮಾತು. ಬ್ಯಾಟು ಹಿಡಿಯುವ ಹುಡುಗರಿಗೆ ಪ್ಯಾಡಿನಷ್ಟೇ ಅಬ್ಡಾಮಿನಲ್ ಗಾರ್ಡ್ ಕಡ್ಡಾಯವಾಗಲಿ ಎಂದು ದೈಹಿಕ ಶಿಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ.

ಎಲ್ಲ ನೋವೂ ಟಾರ್ಶನ್ ಅಲ್ಲ

ಏಳರಿಂದ ಹನ್ನೆರಡರ ಮಕ್ಕಳಲ್ಲಿ ವೃಷಣದ ತುದಿಗೆ ಅಂಟಿಕೊಂಡಿರುವ ಸಣ್ಣದೊಂದು ಉಪಾಂಗ ತಿರುಚಿಕೊಳ್ಳುವುದುಂಟು. ಚರ್ಮದ ಕೆಳಗೆ ನೀಲಿ ಚುಕ್ಕೆ ಕಾಣಬಹುದು. ಅದು ವಿಶ್ರಾಂತಿ ಮತ್ತು ನೋವಿನ ಔಷಧಿಯಿಂದಲೇ ಹೋಗುತ್ತದೆ. ಆದರೆ ಇದು ಅದೇ ಎಂದು ಹೇಳಬೇಕಾದವರು ವೈದ್ಯರು, ಪಕ್ಕದ ಮನೆಯವರಲ್ಲ.

ವಯಸ್ಕರಲ್ಲಿ ಹೆಚ್ಚು ಕಾಣುವುದು ಸೋಂಕು. ನೋವು ಒಂದೆರಡು ದಿನದಲ್ಲಿ ನಿಧಾನವಾಗಿ ಏರುತ್ತದೆ. ಜ್ವರ, ಉರಿಮೂತ್ರ ಜೊತೆಗಿರುತ್ತವೆ. ಹಿರಿಯರಲ್ಲಿ ಪ್ರಾಸ್ಟೇಟ್ ಊದಿ ಮೂತ್ರ ಪೂರ್ತಿ ಖಾಲಿಯಾಗದಿರುವುದು, ಕ್ಯಾಥೆಟರ್ ಹಾಕಿದ್ದದ್ದು ಇದಕ್ಕೆ ಕಾರಣ. ಯುವಕರಲ್ಲಿ ಕ್ಲಮಿಡಿಯಾ, ಗೊನೊರಿಯಾದಂಥ ಲೈಂಗಿಕ ಸೋಂಕುಗಳು ಕಾರಣವಾಗಬಹುದು. ಹಾಗಿದ್ದಾಗ ಸಂಗಾತಿಗೂ ಚಿಕಿತ್ಸೆ ಆಗಬೇಕು. ಇಲ್ಲವಾದರೆ ಸೋಂಕು ಮತ್ತೆ ಮನೆಗೇ ಬರುತ್ತದೆ. ಮಾತ್ರೆಯ ಕೋರ್ಸು ಮುಗಿಸುವುದು, ವಿಶ್ರಾಂತಿ, ಬಿಗಿಯಾದ ಒಳಉಡುಪು ಇಲ್ಲವೇ ಲಂಗೋಟಿಯ ಆಸರೆ ಇವೇ ಚಿಕಿತ್ಸೆ. ವಾರಗಟ್ಟಲೆ ಹೋಗದ, ಅಷ್ಟಾಗಿ ನೋಯದ ಗಂಟು ಕ್ಷಯದ್ದೂ ಆಗಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.

ಮಂಗನಬಾವು ಮೀಸೆ ಮೂಡಿದ ಮೇಲೆ ಬಂದರೆ, ಕೆನ್ನೆ ಊದಿದ ಒಂದು ವಾರದ ಸುಮಾರಿಗೆ ವೃಷಣವೂ ಊದಬಹುದು. ಹೆಚ್ಚಾಗಿ ಒಂದೇ ಕಡೆ. ಕೆಲವರಲ್ಲಿ ಆಮೇಲೆ ಅದು ಸೊರಗುತ್ತದೆ. 2017ರಲ್ಲಿ ಕರ್ನಾಟಕದಲ್ಲಿ ಅಭಿಯಾನವಾಗಿ ಶುರುವಾದ ಎಂಆರ್ ಲಸಿಕೆ ದಡಾರ ಮತ್ತು ರುಬೆಲ್ಲಾಕ್ಕೆ ಮಾತ್ರ. ಮಂಗನಬಾವಿಗೂ ರಕ್ಷಣೆ ಬೇಕಾದರೆ ಎಂಎಂಆರ್ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಬೇಕು.

ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲಿಗಳಲ್ಲಿ, ಅಕ್ಕಿ ಗಿರಣಿಯವರಲ್ಲಿ ಹರ್ನಿಯಾ ಹೊಸತಲ್ಲ. ಅವರು ಅದನ್ನು ಅಂಡವಾಯು ಎನ್ನುತ್ತಾರೆ. ಮಲಗಿದಾಗ ಒಳಗೆ ಹೋಗುತ್ತದೆ, ಹೊರೆ ಎತ್ತಿದಾಗ ಇಳಿಯುತ್ತದೆ ಎಂದು ವರ್ಷಗಟ್ಟಲೆ ಸಹಿಸುತ್ತಾರೆ. ಇಳಿದದ್ದು ಒಂದು ದಿನ ಮೇಲೇರದೆ ಗಟ್ಟಿಯಾಗಿ, ನೋವು, ವಾಂತಿ ಶುರುವಾದರೆ ಕರುಳು ಸಿಕ್ಕಿಕೊಂಡಿದೆ ಎಂದರ್ಥ. ಆಗ ಹೋಗುವುದು ಬೀಜವಲ್ಲ, ಜೀವ. ನೋವಿಲ್ಲದೆ ನೀರು ತುಂಬಿ ಊದುವ ಹೈಡ್ರೋಸೀಲ್ ಬೇರೆ. ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ ಕಡೆ ಸೊಳ್ಳೆ ಹರಡುವ ಆನೆಕಾಲು ರೋಗವೂ ಅದಕ್ಕೆ ಒಂದು ಕಾರಣ. ಅದು ತುರ್ತಲ್ಲ, ಸಣ್ಣ ಆಪರೇಷನ್ನಿನಿಂದ ಗುಣವಾಗುತ್ತದೆ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಎಚ್ಚರಿಕೆ. ಚೀಲದ ಚರ್ಮ ಕೆಂಪಾಗಿ, ಸಹಿಸಲಾರದ ನೋವಾಗಿ, ಕಪ್ಪು ಕಲೆ ಮೂಡಿ, ದುರ್ವಾಸನೆ ಬಂದರೆ ಅದು ಗಂಟೆಗಂಟೆಗೂ ಹರಡುವ ಕೊಳೆರೋಗ. ಮುಲಾಮು ಹಚ್ಚುತ್ತಾ ಕೂರುವಂತಿಲ್ಲ.

ನಿಂತು ಕೆಲಸ ಮಾಡುವ ಯುವಕರಲ್ಲಿ ಸಂಜೆ ಹೊತ್ತಿಗೆ ಎಡಗಡೆ ಭಾರ, ಮಂದ ನೋವು, ಗಂಟುಗಂಟಾದ ನರಗಳು ಕೈಗೆ ಸಿಗುವುದು ವೆರಿಕೋಸೀಲ್. ನೂರರಲ್ಲಿ ಸುಮಾರು ಹದಿನೈದು ಗಂಡಸರಿಗೆ ಇದಿರುತ್ತದೆ, ಬಹಳ ಜನಕ್ಕೆ ಏನೂ ಮಾಡಬೇಕಿಲ್ಲ. ಆದರೆ ಬಸ್ ನಿಲ್ದಾಣದ ಗೋಡೆಯ "ಗುಪ್ತರೋಗ" ಪೋಸ್ಟರುಗಳಿಗೆ ಹೆಚ್ಚು ದುಡ್ಡು ಕಟ್ಟುವವರು ಈ ಯುವಕರೇ. ಮನೆಯಲ್ಲಿ ಕೇಳಲಾಗದ ಪ್ರಶ್ನೆಯನ್ನು ಅವರು ಫೋನ್ ನಂಬರಿಗೆ ಕೇಳುತ್ತಾರೆ, ಲಾಡ್ಜಿನ ಕೋಣೆಯಲ್ಲಿ ಪುಡಿ, ಲೇಹ್ಯ ಕೊಳ್ಳುತ್ತಾರೆ. ಸಂಕೋಚವನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರ ಅದು. ಅದರ ಬದಲು ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸ್ನೇಹ ಕ್ಲಿನಿಕ್‌ನಲ್ಲಿ ಕೇಳಬಹುದು. ಅಲ್ಲಿ ದುಡ್ಡಿಲ್ಲ, ಗುಟ್ಟೂ ಉಳಿಯುತ್ತದೆ.

ಇನ್ನೊಂದು ಮಾತು ನೋಯದಿರುವುದರ ಬಗ್ಗೆ. ವೃಷಣದ ಕ್ಯಾನ್ಸರ್ ಹೆಚ್ಚಾಗಿ ನೋವಿಲ್ಲದ ಗಟ್ಟಿ ಗಂಟಾಗಿ 15ರಿಂದ 35ರ ನಡುವೆ ಕಾಣಿಸಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಇದು ಅಪರೂಪ, ಬೇಗ ಸಿಕ್ಕರೆ ನೂರಕ್ಕೆ ತೊಂಬತ್ತೈದರಷ್ಟು ಗುಣವಾಗುತ್ತದೆ. ಕ್ರಿಕೆಟಿಗ ಯುವರಾಜ್ ಸಿಂಗ್ ಅವರಿಗೆ 2011ರ ವಿಶ್ವಕಪ್ ನಂತರ ಪತ್ತೆಯಾದದ್ದು ಎದೆಯಲ್ಲಿ ಬೆಳೆದ ಇದೇ ಜಾತಿಯ ಗಡ್ಡೆ. ಕಿಮೊಥೆರಪಿ ಮುಗಿಸಿ ಅವರು 2012ರಲ್ಲೇ ಮತ್ತೆ ಭಾರತದ ಪರ ಆಡಿದರು. ಸ್ನಾನ ಮಾಡುವಾಗ ತಿಂಗಳಿಗೊಮ್ಮೆ ಎರಡೂ ಕಡೆ ಮೆಲ್ಲಗೆ ಮುಟ್ಟಿ ನೋಡಿಕೊಂಡರೆ ಯಾವುದು ತನ್ನ ಸಹಜ, ಯಾವುದು ಹೊಸತು ಎಂಬುದು ಗೊತ್ತಿರುತ್ತದೆ.

ಹಾಗಾದರೆ ಯಾವಾಗ ಹೋಗಬೇಕು?

ಈ ಗಂಟೆಯಲ್ಲೇ: ಇದ್ದಕ್ಕಿದ್ದಂತೆ ಬಂದ ಜೋರು ನೋವು, ನೋವಿನ ಜೊತೆ ವಾಂತಿ, ಒಂದು ವೃಷಣ ಮೇಲೇರಿದ್ದು, ಪೆಟ್ಟಿನ ನಂತರ ಇಳಿಯದ ನೋವು, ಒಳಹೋಗದ ಹರ್ನಿಯಾ, ಚರ್ಮ ಕಪ್ಪಾಗುವುದು, ವೃಷಣ ಕೆಳಗಿಳಿಯದ ಮಗುವಿಗೆ ತೊಡೆಸಂದಿನಲ್ಲಿ ನೋವು, ಬಟ್ಟೆ ಬದಲಿಸುವಾಗ ಅಳುವ ಕೂಸಿನ ಚೀಲ ಗಟ್ಟಿಯಾಗಿ ಬಣ್ಣ ಬದಲಾದದ್ದು.

ಇವತ್ತೋ ನಾಳೆಯೋ: ಜ್ವರ, ಉರಿಮೂತ್ರದೊಂದಿಗೆ ನಿಧಾನವಾಗಿ ಏರಿದ ನೋವು. ಇದೇ ವಾರ: ನೋವಿಲ್ಲದ ಹೊಸ ಗಂಟು, ಬಿಟ್ಟು ಬಿಟ್ಟು ಬರುವ ನೋವು, ತಿಂಗಳುಗಟ್ಟಲೆ ಉಳಿದ ಮಂದ ನೋವು. ಹುಟ್ಟಿದ ಆರು ತಿಂಗಳಾದರೂ ವೃಷಣ ಕೆಳಗಿಳಿಯದ ಮಗುವನ್ನೂ ಈ ಸಾಲಿಗೇ ಸೇರಿಸಿ. ಅದರ ಆಪರೇಷನ್ ಒಂದೂವರೆ ವರ್ಷದೊಳಗೆ ಆಗಿಬಿಡಬೇಕು.

ಹೊರಡುವಾಗ ಗಡಿಯಾರ ನೋಡಿ, ನೋವು ಶುರುವಾದ ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳಿ. ತಿನ್ನಲು ಕುಡಿಯಲು ಏನೂ ಕೊಡಬೇಡಿ. ಮಲೇಬೆನ್ನೂರು ಕಡೆಯ ಹಳ್ಳಿಯಲ್ಲಿದ್ದು ಗಾಡಿ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಹೊಟ್ಟೆನೋವು ಎನ್ನದೆ ಬೀಜದ ನೋವು ಎಂದೇ ಹೇಳಿ. ಬಿಪಿಎಲ್ ಕಾರ್ಡು, ಆಧಾರ್ ಹುಡುಕುತ್ತಾ ನಿಲ್ಲಬೇಡಿ, ಆಮೇಲೆ ತರಿಸಬಹುದು. ಆಪರೇಷನ್ ಸೌಲಭ್ಯ ಇರುವ ಕಡೆಗೇ ನೇರ ಹೋಗಿ. ದಾರಿಯಲ್ಲಿ ಮೂರು ಕ್ಲಿನಿಕ್ಕುಗಳ ಬಾಗಿಲು ತಟ್ಟಬೇಡಿ.

ಶಿಕ್ಷಕರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ ಒಂದು ಕೋರಿಕೆ. ಮನೆಯಿಂದ ದೂರವಿರುವ ಹುಡುಗನಿಗೆ ಅವ್ವನೂ ಇಲ್ಲ, ಅಪ್ಪನೂ ಇಲ್ಲ. ರಾತ್ರಿ ಎರಡಕ್ಕೆ ಅವನು ತಟ್ಟಬೇಕಾದ ಬಾಗಿಲು ನಿಮ್ಮದು. ಹೊಟ್ಟೆನೋವು ಎಂದು ಬಂದವನನ್ನು ಪಕ್ಕಕ್ಕೆ ಕರೆದು "ಕೆಳಗೂ ನೋವೇನಪ್ಪಾ?" ಎಂದು ಕೇಳಿ. ವರ್ಷದ ಆರಂಭದಲ್ಲಿ ಏಳನೇ ತರಗತಿಯ ಹುಡುಗರಿಗೆ ಹತ್ತು ನಿಮಿಷ ಈ ವಿಷಯ ಹೇಳಿದರೆ ಪಾಠ ಹಿಂದೆ ಬೀಳುವುದಿಲ್ಲ. ತಂದೆಯರು ಮಗನಿಗೆ ಬೈಕ್ ಕಲಿಸುವ ಮುಂಚೆ ಇದನ್ನು ಹೇಳಲಿ. ತಂದೆ ಇಲ್ಲದ ಮನೆಗಳಲ್ಲಿ ತಾಯಿಯೇ ಹೇಳಲಿ, ಮಾವ ಹೇಳಲಿ, ಅಣ್ಣ ಹೇಳಲಿ. ಇಷ್ಟು ಸಾಕು: "ಅಲ್ಲಿ ನೋವಾದ್ರೆ ಎಷ್ಟೊತ್ತಾಗಿದ್ರೂ ನನ್ನ ಎಬ್ಬಿಸು, ನಾನು ಬೈಯಲ್ಲ."

ಈ ಊರಿನಲ್ಲಿ ಶಸ್ತ್ರಚಿಕಿತ್ಸಕರಿದ್ದಾರೆ, ಥಿಯೇಟರುಗಳಿವೆ, ರಸ್ತೆಯಿದೆ. ಆರು ಗಂಟೆಯಲ್ಲಿ ವೈದ್ಯರ ಪಾಲಿಗೆ ಬರುವುದು ಎಷ್ಟು ಎಂಬುದನ್ನು ತೀರ್ಮಾನಿಸುವುದು ಮಾತ್ರ ನಿಮ್ಮ ಮನೆ. ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಹೆಸರು ಬರೆಯಬೇಕಿಲ್ಲ, ಒಂದನ್ನೂ ಬಿಡದೆ ಉತ್ತರಿಸುತ್ತೇನೆ.